ಹದಿನಾಲ್ಕು ಗೂಗ್ಲಿಗಳ ಲೆಕ್ಕ

ನನ್ನ ನೋಟ್‌ಬುಕ್ಕಿನ ಪ್ರತಿ ಪುಟದ ಮೇಲೂ ಐದು ಅಕ್ಷರಗಳಿವೆ: ಲೆ, ಟಾ, ನೇ, ನಿ, ಗೂ. ಕಳೆದ ಅಕ್ಟೋಬರಿನಿಂದ ಫೆಬ್ರವರಿಯವರೆಗೆ ನಾನು ಹಾಕಿದ ಪ್ರತಿಯೊಂದು ಚೆಂಡೂ ಇವುಗಳಲ್ಲಿ ಒಂದರ ಕೆಳಗೆ ಒಂದು ಗೀಟಾಗಿ ಕೂತಿದೆ. ನಾಲ್ಕು ಗೀಟು ಉದ್ದಕ್ಕೆ, ಐದನೆಯದು ಅಡ್ಡಕ್ಕೆ. ವಿಕೆಟ್ ಬಿದ್ದರೆ ಗೀಟಿನ ತಲೆಯ ಮೇಲೊಂದು ಸೊನ್ನೆ.

ಲೆ ಎಂದರೆ ಲೆಗ್ ಬ್ರೇಕ್. ಉಂಗುರದ ಬೆರಳಿನಿಂದ ಹೊಲಿಗೆಯನ್ನು ಎಳೆದು, ಮಣಿಕಟ್ಟನ್ನು ಬಾಗಿಲ ಚಿಲಕ ತಿರುಗಿಸಿದಂತೆ ತಿರುಗಿಸಿದರೆ, ಚೆಂಡು ನೆಲಕ್ಕೆ ಬಿದ್ದ ಮೇಲೆ ಬ್ಯಾಟ್ಸ್‌ಮನ್ನಿನಿಂದ ಆಚೆಗೆ ಓಡುತ್ತದೆ. ಅವನ ಬ್ಯಾಟು ಅದರ ಹಿಂದೆ ಹೋಗುತ್ತದೆ, ಅಂಚು ತಾಗುತ್ತದೆ, ಕೀಪರ್ ಹಿಡಿಯುತ್ತಾನೆ. ಟಾ ಎಂದರೆ ಟಾಪ್ ಸ್ಪಿನ್. ಇದು ಪಕ್ಕಕ್ಕೆ ತಿರುಗುವುದಿಲ್ಲ. ಮುಂದಕ್ಕೆ ಉರುಳುವಂತೆ ಸುತ್ತುತ್ತಾ ಬಂದು, ಕಣ್ಣು ಅಂದಾಜು ಮಾಡಿದ ಜಾಗಕ್ಕಿಂತ ಒಂದು ಮೊಳ ಮೊದಲೇ ಬಿದ್ದು, ಎದೆಯವರೆಗೆ ಜಿಗಿಯುತ್ತದೆ. ನೇ ಎಂದರೆ ನೇರ. ಕೈ ಎಲ್ಲ ಆಟವನ್ನೂ ಆಡುತ್ತದೆ, ಚೆಂಡು ಮಾತ್ರ ಏನೂ ಮಾಡದೆ ನೆಟ್ಟಗೆ ಹೋಗುತ್ತದೆ. ಇದಕ್ಕೆ ಸಿಕ್ಕಿಕೊಳ್ಳುವವನು ಚೆನ್ನಾಗಿ ಆಡುವವನೇ. ತಿರುಗುತ್ತದೆ ಎಂದು ತಿಳಿದವನೇ ತಿರುಗದ್ದಕ್ಕೆ ಬೀಳುವುದು. ನಿ ಎಂದರೆ ನಿಧಾನ. ಚೆಂಡನ್ನು ಅಂಗೈಯ ಒಳಗೆ ಹೂತು ಹಿಡಿದು ಅದೇ ವೇಗದಲ್ಲಿ ತೋಳು ಬೀಸಿದರೆ, ಬ್ಯಾಟ್ಸ್‌ಮನ್ ಹೊಡೆದು ಮುಗಿಸಿದ ಮೇಲೆ ಚೆಂಡು ಬರುತ್ತದೆ.

ಕೊನೆಯದು ಗೂ, ಗೂಗ್ಲಿ. ಓಟ, ತೋಳು, ಮುಖ ಎಲ್ಲ ಲೆಗ್ ಬ್ರೇಕಿನದೇ. ಬಿಡುವ ಗಳಿಗೆಯಲ್ಲಿ ಮಣಿಕಟ್ಟು ಇನ್ನೂ ಅರ್ಧ ಸುತ್ತು ಕೆಳಗೆ ಬಿದ್ದು, ಕೈಯ ಹಿಂಭಾಗ ಬ್ಯಾಟ್ಸ್‌ಮನ್ನಿಗೆ ಕಾಣುತ್ತದೆ. ಚೆಂಡು ಆಚೆಗೆ ಓಡುವ ಬದಲು ಒಳಕ್ಕೆ ನುಗ್ಗುತ್ತದೆ. ಹಾಕುವುದು ಬಹಳ ಕಷ್ಟ. ಆದರೆ ಐದರಲ್ಲಿ ಯಾವುದೂ ತಾನೊಂದೇ ದೊಡ್ಡದಲ್ಲ. ಹಿಂದಿನ ನಾಲ್ಕು ಚೆಂಡು ಒಂದು ಮಾತು ಹೇಳಿ ನಂಬಿಸಿರಬೇಕು, ಐದನೆಯದು ಅದನ್ನು ಸುಳ್ಳು ಮಾಡಬೇಕು. ನಾನು ತಿಳಿದುಕೊಂಡದ್ದು ಇಷ್ಟು.

ಇಪ್ಪತ್ತರ ವಯಸ್ಸಿನವನು ಚೆಂಡಿನ ಲೆಕ್ಕ ಇಡುತ್ತಾ ಕೂತಿದ್ದಾನೆ ಎಂದು ಮನೆಯಲ್ಲಿ ಬೇಸರವಿತ್ತು. ಅದಕ್ಕೆ ಕಾರಣವೂ ಇತ್ತು. ನಾನು ಮಾಗಡಿ ರಸ್ತೆಯ ಕಡೆಯ ಒಂದು ಬಟ್ಟೆ ಗಿರಣಿಯಲ್ಲಿ ಬದಲಿ. ಅಂದರೆ ಕೆಲಸಗಾರನಲ್ಲ, ಕೆಲಸಗಾರ ಬರದಿದ್ದರೆ ಅವನ ಜಾಗಕ್ಕೆ ನಿಲ್ಲುವವನು. ಬೆಳಗ್ಗೆ ಸೈರನ್ ಆಗುವ ಮೊದಲು ಗೇಟಿನ ಹತ್ತಿರ ಸಾಲಾಗಿ ನಿಲ್ಲಬೇಕು. ಮೇಸ್ತ್ರಿ ಬಂದು ಬೆರಳು ತೋರಿಸುತ್ತಾನೆ: ನೀನು, ನೀನು, ಆ ಉದ್ದನೆಯವನು. ಉಳಿದವರು ಮನೆಗೆ. ನಮ್ಮಪ್ಪ ಅದೇ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಮಗ್ಗದ ಮುಂದೆ ನಿಂತವರು. ಅವರು ಒಳಗೆ ಹೋಗುವಾಗ ಸಾಲಿನ ಕಡೆ ನೋಡುತ್ತಿರಲಿಲ್ಲ. ಜನವರಿಯಲ್ಲಿ ನಾನು ಇಪ್ಪತ್ತಾರು ಬೆಳಗ್ಗೆ ನಿಂತೆ, ಹನ್ನೊಂದು ಬೆಳಗ್ಗೆ ಒಳಗೆ ಹೋದೆ. ಆ ಸಾಲಿನಲ್ಲಿ ಸುಮ್ಮನೆ ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ. ಮನೆಯಿಂದ ಒಂದು ಈರುಳ್ಳಿ ಜೇಬಿಗೆ ಹಾಕಿಕೊಂಡು ಹೋಗಿ, ಬಲಗೈಯಿಂದ ಎಡಗೈಗೆ ತಿರುಚಿ ಎಸೆಯುತ್ತಿದ್ದೆ. ಐದು ಬಗೆ, ಒಂದೊಂದು ಇಪ್ಪತ್ತು ಸಲ.

"ಇವನ ಕೈಗೇನು ನೆವೆಯಾ ಅಂತ," ಎಂದು ಅಮ್ಮ ಪಕ್ಕದ ಮನೆಯವರ ಹತ್ತಿರ ಹೇಳಿದ್ದನ್ನು ಕೇಳಿದ್ದೇನೆ. "ಸಾರಿಗೆ ಈರುಳ್ಳಿ ಹುಡುಕಿದ್ರೆ ಇವನ ಜೇಬಲ್ಲಿರತ್ತೆ. ಸಿಪ್ಪೆ ಎಲ್ಲಾ ಉದುರಿ ಬೆತ್ತಲಾಗಿರತ್ತೆ."

ನಮ್ಮ ತಂಡ ಆಡುತ್ತಿದ್ದುದು ರಾಜಾಜಿನಗರದಲ್ಲಿ, ಸೈಟುಗಳಿಗೆ ಕಲ್ಲು ನೆಟ್ಟು ಹಾಗೇ ಬಿಟ್ಟಿದ್ದ ಜಾಗದಲ್ಲಿ. ಲಂಟಾನ ಕಡಿದು, ನೆಲ ತಟ್ಟಿ, ಇಪ್ಪತ್ತೆರಡು ಗಜ ಸಮ ಮಾಡಿಕೊಂಡಿದ್ದೆವು. ಆ ಇಪ್ಪತ್ತೆರಡು ಗಜ ಮುಂದೆ ಯಾರದೋ ಎರಡು ಮನೆಯ ಅಡುಗೆಕೋಣೆ ಆಗಲಿದೆ. ಅದರ ಮೇಲೆ ತೆಂಗಿನ ನಾರಿನ ಮ್ಯಾಟು ಹಾಸಿ ಸುತ್ತ ಮೊಳೆ ಹೊಡೆದರೆ ಪಿಚ್ಚು. ಮ್ಯಾಟು ನಮ್ಮ ಕೀಪರ್ ಮನೆಯಲ್ಲಿ ಇರುತ್ತಿತ್ತು. ಅವನು ಮೂಡಲಪಾಳ್ಯದವನು. ಬೆಳಗ್ಗೆ ಸೈಕಲ್ಲಿನಲ್ಲಿ ಹಾಲಿನ ಕ್ಯಾನು, ಸಾಯಂಕಾಲ ಅದೇ ಸೈಕಲ್ಲಿನಲ್ಲಿ ಮ್ಯಾಟಿನ ಸುರುಳಿ. ಸೈಕಲ್ಲನ್ನು ತಳ್ಳಿಕೊಂಡೇ ಬರಬೇಕು, ಹತ್ತಿದರೆ ಹ್ಯಾಂಡಲ್ ಮೇಲೆದ್ದುಬಿಡುತ್ತಿತ್ತು.

ನನ್ನ ಕ್ರಮ ಹೀಗಿತ್ತು. ಹಳೆಯ ಚೆಂಡನ್ನು ಒದ್ದೆ ಮಾಡಿ ಕೆಮ್ಮಣ್ಣಿನಲ್ಲಿ ಉರುಳಿಸುವುದು, ಹಾಕುವುದು, ಮ್ಯಾಟಿನ ಮೇಲೆ ಕೆಂಪು ಗುರುತು ಬಿದ್ದ ಜಾಗವನ್ನು ಅಳೆಯುವುದು. ಸ್ಟಂಪಿನಿಂದ ಎಷ್ಟು ಗಜ, ಮಧ್ಯದಿಂದ ಎಷ್ಟು ಗೇಣು. ಬರೆದುಕೊಳ್ಳುವುದು. ಗಾಳಿ ಯಾವ ಕಡೆಯಿಂದ ಎಂಬುದನ್ನೂ ಬರೆಯುತ್ತಿದ್ದೆ. ಕೀಪರ್ ಇದಕ್ಕೆಲ್ಲ ಕಾಯುತ್ತಾ ಸ್ಟಂಪಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಬೀಡಿ ಸೇದುತ್ತಿದ್ದ.

"ನೀನು ಬೌಲರ್ರೋ ಶಾನುಭೋಗನೋ, ಗುರು? ಬೇಗ ಹಾಕು, ಎಮ್ಮೆ ಕಾಯ್ತಾ ಇದೆ."

ನವೆಂಬರ್ ಇಪ್ಪತ್ತನೇ ತಾರೀಕಿನ ಪುಟದಲ್ಲಿ ಕೆಂಪು ಪೆನ್ಸಿಲ್ಲಿನಲ್ಲಿ ಒಂದೇ ಸಾಲು ಇದೆ: ಗೂಗ್ಲಿ ಕೈಗೆ ಬಂತು. ಆವತ್ತು ಹಾಕಿದ ಮೂವತ್ತರಲ್ಲಿ ಹತ್ತೊಂಬತ್ತು ಒಳಕ್ಕೆ ನುಗ್ಗಿದ್ದವು. ಅದಕ್ಕೆ ಮೊದಲು ಒಂದು ತಿಂಗಳು ಮೂವತ್ತಕ್ಕೆ ಎರಡೋ ಮೂರೋ. ನನಗೆ ರಾತ್ರಿ ಊಟ ಸೇರಲಿಲ್ಲ. ಫೆಬ್ರವರಿಯ ಹೊತ್ತಿಗೆ ಮ್ಯಾಚುಗಳಲ್ಲಿ ನನ್ನ ಒಟ್ಟು ವಿಕೆಟ್ ಮೂವತ್ತೊಂದು. ಲೆ ಒಂಬತ್ತು, ನೇ ನಾಲ್ಕು, ಟಾ ಎರಡು, ನಿ ಎರಡು, ಗೂ ಹದಿನಾಲ್ಕು. ಆ ಹದಿನಾಲ್ಕೂ ರಸ್ತೆಯ ಕಡೆಯಿಂದ ಹಾಕಿದಾಗ ಬಂದವು. ಎದುರಿನ ತುದಿಯಿಂದ ಒಂದೂ ಇಲ್ಲ. ಇದನ್ನು ನಾನು ಗಮನಿಸದೆ ಇರಲಿಲ್ಲ. ಪುಟದ ಅಂಚಿನಲ್ಲಿ ಕಾರಣವನ್ನೂ ಬರೆದಿದ್ದೆ: ಹಿಂದಿನಿಂದ ಬರುವ ಗಾಳಿ ಗೂಗ್ಲಿಗೆ ಅನುಕೂಲ.

ಆ ಹೊತ್ತಿಗೆ ರಾಜಾಜಿನಗರದ ಒಂದು ಕಾರ್ಖಾನೆಯ ಕ್ರಿಕೆಟ್ ತಂಡದಲ್ಲಿ ಸ್ಪಿನ್ ಹಾಕುವವನ ಜಾಗ ಖಾಲಿಯಾಯಿತು. ಕಾರ್ಖಾನೆಯ ತಂಡಕ್ಕೆ ಸೇರುವುದೆಂದರೆ ಕಾರ್ಖಾನೆಗೆ ಸೇರುವುದು: ಹಾಜರಿ ಪುಸ್ತಕದಲ್ಲಿ ಹೆಸರು, ಸ್ವಂತ ಟೋಕನ್ ನಂಬರು, ಬೆರಳು ತೋರಿಸುವ ಮೇಸ್ತ್ರಿ ಇಲ್ಲ. ತಂಡದ ಕ್ಯಾಪ್ಟನ್ ಅಲ್ಲಿ ಫೋರ್‌ಮನ್. ನಲವತ್ತು ದಾಟಿದವರು, ಗಟ್ಟಿ ಬ್ಯಾಟ್ಸ್‌ಮನ್. ನಮ್ಮ ಒಂದು ಮ್ಯಾಚು ನೋಡಲು ಸೈಕಲ್ ನಿಲ್ಲಿಸಿದ್ದರು. ಆಮೇಲೆ ನನ್ನನ್ನು ಕರೆದು, ಏನೇನು ಹಾಕ್ತೀಯ, ಬರ್ಕೊಡು ಎಂದರು. ನಾನು ಫುಲ್‌ಸ್ಕೇಪ್ ಹಾಳೆಯಲ್ಲಿ ಗೀಟೆಳೆದು, ಐದು ಬಗೆಯನ್ನೂ ಪ್ರತಿಯೊಂದರ ವಿಕೆಟ್ಟನ್ನೂ ಬರೆದು, ಗೂಗ್ಲಿ ಹದಿನಾಲ್ಕರ ಕೆಳಗೆ ಎರಡು ಅಡ್ಡಗೆರೆ ಹಾಕಿ ಕೊಟ್ಟೆ.

ಹತ್ತು ದಿನ ಬಿಟ್ಟು ಹೇಳಿ ಕಳಿಸಿದರು. ಫೆಬ್ರವರಿ ಕೊನೆಯ ಭಾನುವಾರ ಪರೀಕ್ಷೆ. ಇಬ್ಬರು ಬೌಲರುಗಳು, ಒಂದು ಜಾಗ. ನಮ್ಮ ಹೊಸ ಮ್ಯಾಟು ಇನ್ನೂ ಬಂದಿಲ್ಲ, ನಿಮ್ಮದನ್ನೇ ತನ್ನಿ.

ಇನ್ನೊಬ್ಬ ಯಾರೆಂದು ನನಗೆ ಗೇಟಿನ ಸಾಲಿನಲ್ಲೇ ಗೊತ್ತಾಯಿತು. ಅವನೂ ಬದಲಿಯೇ. ಬ್ಯಾಡರಹಳ್ಳಿಯಿಂದ ನಡೆದುಕೊಂಡು ಬರುತ್ತಿದ್ದ. ನನಗಿಂತ ಎರಡು ವರ್ಷ ದೊಡ್ಡವನು, ಮದುವೆಯಾಗಿ ಆರು ತಿಂಗಳು. ಹಾಕುತ್ತಿದ್ದುದು ಒಂದೇ ಬಗೆ: ಆಫ್ ಬ್ರೇಕ್. ಬೆರಳಿನಿಂದ ತಿರುಚುವ, ಸ್ವಲ್ಪವೇ ಒಳಕ್ಕೆ ಬರುವ, ಯಾರೂ ಹೆದರದ ಚೆಂಡು.

"ನೀನು ಐದು ಥರ ಹಾಕ್ತೀಯಂತೆ," ಎಂದ ಅವನು, ನನ್ನ ಕೈಯ ಈರುಳ್ಳಿಯನ್ನು ನೋಡುತ್ತಾ. "ಫೋರ್‌ಮನ್ ಸಾರ್ ಹೇಳ್ತಿದ್ರು. ಹಾಳೆ ತುಂಬಾ ಬರ್ದಿದೀಯಂತೆ."

"ನೀನು ಬರ್ಕೊಡಲಿಲ್ವಾಣ್ಣ?"

"ಒಂದು ಸಾಲು ಬರೆಯಕ್ಕೆ ಹಾಳೆ ಯಾಕೆ ದಂಡ?"

ಆಗ ನನಗೆ ಅವನ ಮೇಲೆ ಕನಿಕರವೇ ಬಂದಿತ್ತು.

ಪರೀಕ್ಷೆಗೆ ನಾಲ್ಕು ದಿನ ಇತ್ತು. ಮೂಡಲಪಾಳ್ಯದಲ್ಲಿ ಕೀಪರಿನ ದಾಯಾದಿಗಳ ಮನೆಯಲ್ಲಿ ಮದುವೆ. ಚಪ್ಪರದ ಕೆಳಗೆ ಬೀಗರು ಕೂರಲು ಜಮಖಾನ ಸಾಲದೆ, ನಮ್ಮ ಮ್ಯಾಟನ್ನು ಒಯ್ದು ಹಾಸಿದ್ದರು. ಬುಧವಾರ ಸಾಯಂಕಾಲ ವಾಪಸು ಬಂತು. ಅರಿಶಿನದ ನೀರು, ಎಲೆಯಡಿಕೆಯ ಕೆಂಪು, ಅಕ್ಕಿಕಾಳು. ಗುರುತು ನೋಡುವುದು ಕಷ್ಟವಾಯಿತೆಂದು ನಾನು ಗೊಣಗಿದೆ. ಹಾಸಿದೆವು, ಮೊಳೆ ಹೊಡೆದೆವು, ರಸ್ತೆಯ ಕಡೆಯಿಂದ ಶುರು ಮಾಡಿದೆ. ಗಾಳಿ ಹಿಂದಿನಿಂದಲೇ ಬೀಸುತ್ತಿತ್ತು, ಬರೆದುಕೊಂಡೆ.

ನಲವತ್ತು ಗೂಗ್ಲಿ ಹಾಕಿದೆ. ಮೂರು ತಿರುಗಿದವು.

ನಾನು ಮಣಿಕಟ್ಟು ಒತ್ತಿ ನೋಡಿಕೊಂಡೆ. ಚೆಂಡು ಬದಲಾಯಿಸಿದೆ. ಓಟದ ಹೆಜ್ಜೆ ಎಣಿಸಿದೆ, ಹನ್ನೊಂದೇ ಇದ್ದವು. ಮತ್ತೆ ಹತ್ತು ಹಾಕಿದೆ. ಒಂದೂ ಇಲ್ಲ. ಕೀಪರ್ ಬೀಡಿ ಆರಿಸಿ ಎದ್ದು ಬಂದ.

"ಏನಾಯ್ತು? ಆ ಕಡೆಯಿಂದ ಹಾಕ್ತೀಯ? ಬೀಗರು ಮ್ಯಾಟು ಉಲ್ಟಾ ಸುತ್ತಿ ಕಳಿಸಿದಾರೆ. ತೇಪೆ ಈಗ ಈ ತುದೀಲಿದೆ."

"ಯಾವ ತೇಪೆ?"

ಅವನು ನನ್ನ ಮುಖ ನೋಡಿದ. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. ನವೆಂಬರಿನಲ್ಲಿ ಸೈಟುಗಳ ನಡುವೆ ಅಡ್ಡ ಬಂದ ಒಂದು ಎತ್ತಿನ ಗಾಡಿ ಮ್ಯಾಟಿನ ಮೇಲೆ ಹಾಯ್ದು, ಒಂದು ಕಡೆ ಒಂದು ಗೇಣಿನಷ್ಟು ಹರಿದಿತ್ತು. ಅವನೇ ದಬ್ಬಳ ಮತ್ತು ಸೆಣಬಿನ ಹುರಿ ತೆಗೆದುಕೊಂಡು, ಕೆಳಗೊಂದು ಗೋಣಿಯ ತುಂಡು ಕೊಟ್ಟು, ಹಾಲಿನ ಕ್ಯಾನಿನ ಮೇಲೆ ಕೂತು ಹೊಲಿದಿದ್ದ. ಆ ಹೊಲಿಗೆ ಮೇಲಿನಿಂದ ಮಟ್ಟಸವಾಗಿ ಕಾಣುತ್ತಿತ್ತು. ಕೈಯಾಡಿಸಿದರೆ ಗೊತ್ತಾಗುತ್ತಿತ್ತು: ಒಳಗಿನ ಗೋಣಿಯ ಅಂಚು ಓರೆಯಾಗಿ, ಹೆಬ್ಬೆರಳಿನಷ್ಟು ದಪ್ಪಕ್ಕೆ ಎದ್ದಿತ್ತು. ಸ್ಟಂಪಿನಿಂದ ನಾಲ್ಕು ಗಜ, ಮಧ್ಯದಿಂದ ಎರಡು ಗೇಣು. ನನ್ನ ಗೂಗ್ಲಿ ಬೀಳುತ್ತಿದ್ದ ಜಾಗ.

ಮ್ಯಾಟನ್ನು ನಾವು ಯಾವಾಗಲೂ ಆ ತುದಿಯಿಂದ ಸುತ್ತಿಕೊಂಡು ಈ ತುದಿಗೆ ಬಂದು ನಿಲ್ಲುತ್ತಿದ್ದೆವು. ಮರುದಿನ ಈ ತುದಿಯಿಂದ ಬಿಚ್ಚುತ್ತಾ ಹೋಗುತ್ತಿದ್ದೆವು. ಹಾಗಾಗಿ ಮೂರು ತಿಂಗಳು ತೇಪೆ ಒಂದೇ ಜಾಗದಲ್ಲಿ ಕೂತಿತ್ತು. ನಾನು ಎದುರಿನ ತುದಿಗೆ ಓಡಿ, ಅಲ್ಲಿಂದ ಹಾಕಿದೆ. ಎರಡನೆಯ ಚೆಂಡೇ ತೇಪೆಯ ಅಂಚಿಗೆ ಬಡಿದು, ಹಾವಿನಂತೆ ಒಳಕ್ಕೆ ನುಗ್ಗಿ ಸ್ಟಂಪು ಬೀಳಿಸಿತು. ನಾನು ಬೇಕೆಂದೇ ಬೆರಳಿನಿಂದ ಏನೂ ತಿರುಚದೆ ಹಾಕಿದ ಚೆಂಡು ಅದು.

"ನಿನಗೆ ಗೊತ್ತಿತ್ತಾ?" ಎಂದೆ.

"ಗೊತ್ತಿಲ್ದೆ ಏನು, ಹಿಂದೆ ಕೂತು ಹಿಡಿಯೋನು ನಾನು. ನಿನಗೇ ಗೊತ್ತಿರ್ಲಿಲ್ವಾ? ಕೆಮ್ಮಣ್ಣು ಹಚ್ಕೊಂಡು, ಗೇಣು ಹಾಕ್ಕೊಂಡು ಅಳೀತಿದ್ಯಲ್ಲ. ತೇಪೆಗೆ ಸರಿಯಾಗಿ ಬೀಳ್ಲಿ ಅಂತ ಅಳೀತಿದೀಯ ಅನ್ಕೊಂಡಿದ್ದೆ. ಎಂಥಾ ಕಿಲಾಡಿ ಇವನು ಅಂತ ಮನೇಲೂ ಹೇಳಿದೀನಿ."

ಮನೆಗೆ ಹೋಗಿ ನೋಟ್‌ಬುಕ್ ತಿರುವಿದೆ. ನವೆಂಬರ್ ಹದಿಮೂರು: ಮ್ಯಾಟು ಹರಿಯಿತು, ಕೀಪರ್ ಹೊಲಿದ. ನವೆಂಬರ್ ಇಪ್ಪತ್ತು: ಗೂಗ್ಲಿ ಕೈಗೆ ಬಂತು. ಎರಡರ ನಡುವೆ ಏಳು ದಿನ. ಎರಡೂ ನನ್ನದೇ ಅಕ್ಷರ. ಕೆಂಪು ಪೆನ್ಸಿಲ್ಲಿನ ಸಾಲನ್ನು ಅಳಿಸಲು ಹೋಗಿ, ಬಿಟ್ಟೆ. ಬರೆದದ್ದನ್ನು ಅಳಿಸುವ ಪದ್ಧತಿ ನಾನು ಇಟ್ಟುಕೊಂಡಿಲ್ಲ.

ಗುರುವಾರ, ಶುಕ್ರವಾರ, ಶನಿವಾರ ನಾನು ಎಲ್ಲೂ ಕೂರಲಿಲ್ಲ. ಫೋರ್‌ಮನ್ನರ ಹತ್ತಿರ ಹೋಗಿ ಹೇಳಿಬಿಡಬೇಕು ಎಂದು ಶುಕ್ರವಾರ ಕಾರ್ಖಾನೆಯ ಗೇಟಿನವರೆಗೆ ನಡೆದೆ. ಏನೆಂದು ಹೇಳುವುದು? ಆ ಹಾಳೆಯಲ್ಲಿ ಎರಡು ಅಡ್ಡಗೆರೆ ಹಾಕಿದವನು ನಾನು. ಹದಿನಾಲ್ಕು ತೆಗೆದರೆ ಉಳಿಯುವುದು ಹದಿನೇಳು. ಹದಿನೇಳಕ್ಕೆ ಯಾರು ಕರೆಯುತ್ತಿದ್ದರು? ಗೇಟಿನ ಮುಂದೆ ಎರಡು ಸಲ ಹೋಗಿ ಬಂದು ವಾಪಸು ನಡೆದೆ. ಹೋಗುತ್ತಾ ಬರುತ್ತಾ ಒಂಬತ್ತು ಸಾವಿರ ಚಿಲ್ಲರೆ ಹೆಜ್ಜೆ, ಎಣಿಸಿದ್ದೇನೆ.

ಹೇಳದೆ ಇದ್ದರೂ ಒಂದು ತೊಡಕಿತ್ತು. ನನಗೆ ಯಾವ ತುದಿ ಕೊಡುತ್ತಾರೆ ಎಂಬುದು ಮೊದಲೇ ಗೊತ್ತಾಗುವುದಿಲ್ಲ. ತೇಪೆಯನ್ನು ಒಂದು ಕಡೆ ಇಟ್ಟರೆ ನನಗೂ ಸಿಗಬಹುದು, ಅವನಿಗೂ ಸಿಗಬಹುದು.

ಭಾನುವಾರ ಎಂಟು ಗಂಟೆಗೆ ಕಾರ್ಖಾನೆಯ ಮೈದಾನ. ಒಂದು ತುದಿಯಲ್ಲಿ ಕಾಂಪೌಂಡ್ ಗೋಡೆ, ಇನ್ನೊಂದು ತುದಿಯಲ್ಲಿ ತಗಡಿನ ಶೆಡ್ಡು. ಮ್ಯಾಟು ಇಳಿಸಿ ಕೀಪರ್ ನನ್ನ ಕಿವಿಯ ಹತ್ತಿರ ಬಂದ.

"ತೇಪೆ ಎಲ್ಲಿಗೆ ಬರ್ಲಿ? ಹೇಳು ಬೇಗ."

"ಎಲ್ಲಿಗಾದ್ರೂ ಹಾಕು."

"ಅಂದ್ರೆ?"

"ನೀನೇ ಹಾಕೋ. ನನ್ನ ಕೇಳಬೇಡ."

ನಾನು ಅವನಿಗೆ ಬೆನ್ನು ಮಾಡಿ ಕೂತು ಶೂ ದಾರ ಕಟ್ಟಿಕೊಂಡೆ. ಬಿಚ್ಚಿ ಮತ್ತೆ ಕಟ್ಟಿಕೊಂಡೆ. ನಾನು ನೋಡದಿದ್ದರೆ ನಾನು ಮಾಡಿದಂತಾಗುವುದಿಲ್ಲ ಎಂಬ ಯೋಚನೆ ಇದ್ದಿರಬೇಕು. ಎದ್ದು ನೋಡಿದಾಗ ತೇಪೆ ಗೋಡೆಯ ಕಡೆ ಬಂದಿತ್ತು. ಅಂದರೆ ಶೆಡ್ಡಿನ ಕಡೆಯಿಂದ ಹಾಕುವವನಿಗೆ ಅದು ಸಿಗುತ್ತದೆ.

ಫೋರ್‌ಮನ್ ಬಂದು ಮ್ಯಾಟಿನ ಮೇಲೆ ನಡೆದರು. ಹೊಲಿಗೆ ನೋಡಿ ದಾಟಿಕೊಂಡು ಹೋದರು. ಹೊಲಿಗೆ ಇಲ್ಲದ ಮ್ಯಾಟು ಯಾವ ತಂಡದಲ್ಲೂ ಇರುವುದಿಲ್ಲ. ಪರೀಕ್ಷೆ ಸರಳವಾಗಿತ್ತು. ಕಾರ್ಖಾನೆಯವರು ಬ್ಯಾಟು ಮಾಡುತ್ತಾರೆ, ನಾವಿಬ್ಬರು ಎರಡು ತುದಿಯಿಂದ ಆರಾರು ಓವರ್ ಹಾಕಬೇಕು. ಔಟಾದವನು ಹೋಗಿ ಮುಂದಿನವನು ಬರುತ್ತಾನೆ.

"ನೀನು ಗೋಡೆ ಕಡೆಯಿಂದ," ಎಂದು ನನಗೆ ಹೇಳಿದರು. "ನೀನು ಶೆಡ್ಡಿನ ಕಡೆಯಿಂದ," ಎಂದು ಬ್ಯಾಡರಹಳ್ಳಿಯವನಿಗೆ.

ಕೀಪರ್ ಸ್ಟಂಪಿನ ಹಿಂದಿನಿಂದ ನನ್ನನ್ನು ನೋಡಿ, ಗ್ಲೌಸು ತೊಟ್ಟ ಎರಡೂ ಕೈ ಅಗಲಿಸಿದ.

ಮೊದಲ ಎರಡು ಓವರ್ ನಾನು ಲೆಗ್ ಬ್ರೇಕ್ ಮಾತ್ರ ಹಾಕಿದೆ. ಚೆನ್ನಾಗಿಯೇ ಬಿದ್ದವು. ಒಂದು ಅಂಚು ತಾಗಿ ಕೀಪರಿನ ಕೈಗೆ ಸೇರದೆ ನೆಲಕ್ಕೆ ಬಿತ್ತು. ಮೂರನೇ ಓವರಿನಲ್ಲಿ ಫೋರ್‌ಮನ್ ಆ ಕಡೆಯಿಂದ ಕೂಗಿದರು.

"ಎಲ್ಲಪ್ಪಾ ನಿನ್ನ ಗೂಗ್ಲಿ? ಹಾಳೇಲಿ ಬರೆದಿಟ್ಟು ಬಂದ್ಯಾ?"

ಎಲ್ಲರೂ ನಕ್ಕರು. ಹಾಕಿದೆ. ಮಣಿಕಟ್ಟು ಬೀಳಿಸಿ, ಕೈಯ ಹಿಂಭಾಗ ತೋರಿಸಿ, ಪುಸ್ತಕದಲ್ಲಿ ಬರೆದ ಹಾಗೆಯೇ ಹಾಕಿದೆ. ಚೆಂಡು ಎಲ್ಲಿಗೂ ತಿರುಗದೆ ಮೆತ್ತಗೆ ಎದ್ದು ನಿಂತಿತು. ಬ್ಯಾಟ್ಸ್‌ಮನ್ ಅದನ್ನು ಗೋಡೆಗೆ ಹೊಡೆದ. ಇನ್ನೊಂದು ಹಾಕಿದೆ, ಅದೂ ಗೋಡೆಗೆ.

ಆ ಕಡೆಯಿಂದ ಬ್ಯಾಡರಹಳ್ಳಿಯವನು ಹಾಕುತ್ತಿದ್ದ. ಅವನ ಚೆಂಡು ಮೊದಲೇ ಸ್ವಲ್ಪ ಒಳಕ್ಕೆ ಬರುವಂಥದ್ದು. ತೇಪೆಗೆ ಬಿದ್ದಾಗ ಅದು ಒಂದು ಮೊಳ ಬರುತ್ತಿತ್ತು. ಮೊದಲನೆಯದು ಬ್ಯಾಟಿಗೂ ಪ್ಯಾಡಿಗೂ ನಡುವೆ ನುಗ್ಗಿ ಸ್ಟಂಪು ಉರುಳಿಸಿತು. ಅವನು ಸುಮ್ಮನೆ ನಿಂತು ತನ್ನ ಬೆರಳು ನೋಡಿಕೊಂಡ. ಮೂರು ತಿಂಗಳ ಹಿಂದೆ ನಾನೂ ಹಾಗೆಯೇ ನೋಡಿಕೊಂಡಿದ್ದೆ. ಅವನ ಮೂರನೇ ಓವರ್ ಮುಗಿಯುವ ಹೊತ್ತಿಗೆ ಮೂರು ವಿಕೆಟ್. ಫೀಲ್ಡ್ ಮಾಡುತ್ತಾ ನಾನು ಎಣಿಸುತ್ತಿದ್ದೆ: ಹದಿನೆಂಟು ಚೆಂಡಿನಲ್ಲಿ ತೇಪೆಗೆ ಬಿದ್ದದ್ದು ಏಳು. ಕಾಲು ಒಂದೆಡೆ ನಿಲ್ಲುತ್ತಿರಲಿಲ್ಲ. ಇದು ಅವನದಲ್ಲ, ನನ್ನದೂ ಅಲ್ಲ, ಗೋಣಿಯ ತುಂಡಿನದು ಎಂಬುದು ಈ ಮೈದಾನದಲ್ಲಿ ಇಬ್ಬರಿಗೆ ಮಾತ್ರ ಗೊತ್ತು, ಅದರಲ್ಲಿ ಒಬ್ಬ ನಾನು.

ನೀರು ಕುಡಿಯಲು ನಿಲ್ಲಿಸಿದಾಗ ಹೋಗಿ ಹೇಳಿದೆ.

"ಸಾರ್, ಆ ತೇಪೆ ಎದ್ದಿದೆ. ಚೆಂಡು ಅದಕ್ಕೆ ಬಿದ್ದು ತಿರುಗ್ತಾ ಇದೆ."

ಫೋರ್‌ಮನ್ ಗೋಡೆಯ ಕಡೆಗೆ ಹೋಗಿ, ಶೂ ಬಿಚ್ಚಿ, ಬರಿಗಾಲಿನ ಹೆಬ್ಬೆರಳಿನಿಂದ ತೇಪೆಯ ಅಂಚನ್ನು ತಡವಿದರು. ಕಾರ್ಖಾನೆಯಲ್ಲಿ ಕಬ್ಬಿಣದ ಅಂಚನ್ನು ತಡವುವ ಕೈಯವರು; ಕಾಲಿಗೂ ಅದೇ ಅಭ್ಯಾಸ ಇರಬೇಕು.

"ಹೂಂ," ಎಂದರು. "ನಿನಗೆ ಯಾವಾಗ ಗೊತ್ತಾಯ್ತು?"

"ಬುಧವಾರ ಸಾರ್."

"ಆ ಹದಿನಾಲ್ಕು?"

"ಅದೂ ಇದೇ ಸಾರ್."

ಅವರು ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. ಬ್ಯಾಡರಹಳ್ಳಿಯವನು ಹತ್ತಿರ ಬಂದು ಎಲ್ಲವನ್ನೂ ಕೇಳಿಸಿಕೊಂಡಿದ್ದ. ನೀರಿನ ಲೋಟವನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದ.

"ಬುಧವಾರ ಗೊತ್ತಿತ್ತು. ಬೆಳಗ್ಗೆ ಹಾಸೋವಾಗ ಗೊತ್ತಿತ್ತು. ಆಗ ಹೇಳಲಿಲ್ಲ," ಎಂದ. ದನಿ ಏರಿಸಲಿಲ್ಲ. "ಶೆಡ್ಡಿನ ಕಡೆ ನಿನಗೆ ಸಿಕ್ಕಿದ್ರೆ ಈಗ ಹೇಳ್ತಿದ್ಯಾ?"

ಆ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದು, ಅದರ ಕೆಳಗೆ ಈವತ್ತಿಗೂ ಖಾಲಿ ಬಿಟ್ಟಿದ್ದೇನೆ.

ಫೋರ್‌ಮನ್ ಕಾರ್ಖಾನೆಯವರ ನ್ಯಾಯ ಮಾಡಿದರು. "ಅವನಿಗೆ ತೇಪೆ ಮೂರು ಓವರ್ ಸಿಕ್ತು. ಇನ್ನು ಮೂರು ಓವರ್ ಇವನಿಗೆ ಸಿಗ್ಲಿ. ಮ್ಯಾಟು ತಿರುಗಿಸಿ." ಆಮೇಲೆ ತಾವೇ ಪ್ಯಾಡು ಕಟ್ಟಿಕೊಂಡು ಬ್ಯಾಟಿಗೆ ಬಂದರು.

ಮೊಳೆ ಕಿತ್ತು, ಮ್ಯಾಟನ್ನು ತುದಿಯಿಂದ ತುದಿಗೆ ತಿರುಗಿಸಿ, ಮತ್ತೆ ಮೊಳೆ ಹೊಡೆದೆವು. ಈಗ ತೇಪೆ ನನ್ನ ಎದುರಿಗೆ, ನಾಲ್ಕು ಗಜದಲ್ಲಿ, ಎರಡು ಗೇಣಿನಲ್ಲಿ. ಮೂರು ತಿಂಗಳು ಕಣ್ಣು ಮುಚ್ಚಿ ಹಾಕಿದ ಜಾಗ. ಆದರೆ ಈಗ ಅದು ಎಲ್ಲರಿಗೂ ಗೊತ್ತಿತ್ತು. ಮೊದಲ ಚೆಂಡು ಸರಿಯಾಗಿ ಅದರ ಮೇಲೆಯೇ ಬಿತ್ತು. ಫೋರ್‌ಮನ್ ಒಂದು ಹೆಜ್ಜೆ ಮುಂದೆ ಬಂದು, ಚೆಂಡು ತಿರುಗುವ ಮೊದಲೇ ಅದರ ಮೇಲೆ ಬ್ಯಾಟು ಇಟ್ಟು ಒತ್ತಿಬಿಟ್ಟರು. ಎರಡನೆಯದಕ್ಕೆ ಪ್ಯಾಡು ಕೊಟ್ಟರು. ತೇಪೆ ಅದೇ, ಬಿದ್ದ ಜಾಗ ಅದೇ, ತಿರುಗಿದ್ದು ಅಷ್ಟೇ. ಗೊತ್ತಿದ್ದವನ ಮುಂದೆ ಅದು ಬರೀ ಉಬ್ಬು. ನಿಜವಾದ ಗೂಗ್ಲಿಯೇ ಆಗಿದ್ದರೂ ಕೈಯಿಂದ ಬಿಡುವಾಗಲೇ ಗುರುತು ಹಿಡಿದವನಿಗೆ ಹೀಗೆಯೇ ಆಗುತ್ತಿತ್ತು ಎಂದು ಅಲ್ಲಿ ನಿಂತಾಗಲೇ ಹೊಳೆಯಿತು.

ಆಮೇಲೆ ನಾನು ತೇಪೆ ಬಿಟ್ಟು ಲೆಗ್ ಬ್ರೇಕ್ ಹಾಕಿದೆ. ಒಳಕ್ಕೆ ಬರುವುದನ್ನು ಕಾಯುತ್ತಿದ್ದವರಿಂದ ಅದು ಆಚೆಗೆ ಓಡಿತು; ಫೋರ್‌ಮನ್ನರ ಬ್ಯಾಟಿನ ಅಂಚು ತಾಗಿ ಕೀಪರ್ ಹಿಡಿದ. ಅದೊಂದು ನನ್ನದು. ಆದರೆ ಅದಾದ ಮೇಲೆ ಏನು ಹಾಕಬೇಕೆಂದೇ ತಿಳಿಯದಾಯಿತು. ಟಾ ಹಾಕಿದೆ, ಉದ್ದ ಹೋಯಿತು. ನಿ ಹಾಕಿದೆ, ನೆಲಕ್ಕೇ ಬೀಳದೆ ಬ್ಯಾಟ್ಸ್‌ಮನ್ನಿನ ಸೊಂಟಕ್ಕೆ ಹೋಯಿತು. ನೇ ಹಾಕುವಾಗ ಗೂ ನೆನಪಾಗಿ, ಎರಡೂ ಅಲ್ಲದ ಒಂದು ಚೆಂಡು ಬಂತು.

ಬ್ಯಾಡರಹಳ್ಳಿಯವನು ತೇಪೆಯಿಲ್ಲದ ತುದಿಗೆ ತನ್ನ ಉಳಿದ ಮೂರು ಓವರ್ ಹಾಕಿದ. ವಿಕೆಟ್ ಬೀಳಲಿಲ್ಲ. ಹದಿನೆಂಟು ಚೆಂಡಿಗೆ ಕೊಟ್ಟದ್ದು ಐದು ರನ್. ತೇಪೆಯಿದ್ದಾಗ ಎಲ್ಲಿ ಹಾಕುತ್ತಿದ್ದನೋ ಅಲ್ಲಿಯೇ ಹಾಕಿದ. ಅವನ ಮುಖದಲ್ಲಿ ಕೋಪ ಇನ್ನೂ ಇತ್ತು, ಚೆಂಡಿನಲ್ಲಿ ಇರಲಿಲ್ಲ.

ಫೋರ್‌ಮನ್ ಅಲ್ಲೇ ಹೇಳಿಬಿಟ್ಟರು. "ಅವನು ನಾಳಿದ್ದು ಆಫೀಸಿಗೆ ಬರಲಿ." ನನ್ನನ್ನು ಪಕ್ಕಕ್ಕೆ ಕರೆದರು. "ಅವನ ಹತ್ರ ಇರೋದು ಒಂದು. ಅದು ಎಲ್ಲಿ ಬೀಳತ್ತೆ ಅಂತ ಅವನಿಗೆ ಗೊತ್ತು. ನಿನ್ನ ಹತ್ರ ಐದಿದೆ ಅಂತೀಯ. ನಾನು ನೋಡಿದ್ದು ಒಂದೂವರೆ. ಆ ಲೆಗ್ ಬ್ರೇಕ್ ಚೆನ್ನಾಗಿದೆ ಕಣಯ್ಯ. ಅದನ್ನ ಯಾಕೆ ಲೆಕ್ಕಕ್ಕೇ ಇಟ್ಟಿಲ್ಲ ನೀನು?"

ಇಟ್ಟಿದ್ದೆ, ಸಾರ್, ಒಂಬತ್ತು ಎಂದು ಬರೆದಿದ್ದೆ ಎನ್ನಬೇಕೆಂದುಕೊಂಡೆ. ಅವರು ಪ್ಯಾಡು ಬಿಚ್ಚುತ್ತಾ ಆಗಲೇ ಬೇರೆ ಯಾರ ಹತ್ತಿರವೋ ಮಾತಾಡುತ್ತಿದ್ದರು.

ಕೀಪರಿನ ಸೈಕಲ್ಲಿನ ಟಯರಿನ ಗಾಳಿ ಹೋಗಿತ್ತು. ಅವನು ಅದನ್ನು ತಳ್ಳಿಕೊಂಡು ಮುಂದೆ ಹೋದ. ಮ್ಯಾಟನ್ನು ರಸ್ತೆಯವರೆಗೆ ಹೆಗಲ ಮೇಲೆ ಹೊರಬೇಕಾಯಿತು. ನಾನು ಸುರುಳಿಯ ಒಂದು ತುದಿಗೆ ಬಗ್ಗಿದೆ. ಇನ್ನೊಂದು ತುದಿಯನ್ನು ಯಾರೋ ಎತ್ತಿದರು. ತಿರುಗಿ ನೋಡಿದರೆ ಬ್ಯಾಡರಹಳ್ಳಿಯವನು. ಹೆಗಲು ಕೊಟ್ಟು ನಡೆದ. ಮ್ಯಾಟು ತೊನೆಯದಂತೆ ಇಬ್ಬರೂ ಒಂದೇ ಹೆಜ್ಜೆ ಹಾಕಬೇಕಿತ್ತು. ನಾನು ಎಣಿಸಲು ಶುರು ಮಾಡಿ ಎಲ್ಲೋ ಮರೆತೆ.

ಸೈಟುಗಳ ಕಲ್ಲು ದಾಟಿದ ಮೇಲೆ ಅವನು ಹಿಂದಿನಿಂದ ಕೇಳಿದ.

"ಕಾರ್ಖಾನೆ ಟೀಮಲ್ಲಿ ಒಂದೇ ಥರ ಹಾಕಿದ್ರೆ ನಡೆಯಲ್ಲವಂತೆ. ಇನ್ನೊಂದು ಕಲ್ತ್ಕೋ ಅಂದ್ರು ಫೋರ್‌ಮನ್ ಸಾರ್. ಆ ಗೂಗ್ಲಿ ಹೇಗೆ ಹಾಕೋದು, ತೋರಿಸ್ತೀಯ?"

"ನಂಗೆ ಬರಲ್ಲಣ್ಣ," ಎಂದೆ.

ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವನು ನಗಲಿಲ್ಲ. ಮ್ಯಾಟನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಲು ನಿಂತ. ನಾನೂ ನಿಂತೆ.

"ನಲವತ್ತಕ್ಕೆ ಮೂರು ತಿರುಗತ್ತೆ," ಎಂದೆ.

"ಆ ಮೂರು ಹೇಗೆ ಹಾಕಿದೆ ಅದನ್ನೇ ತೋರಿಸು ಮತ್ತೆ," ಎಂದ ಅವನು. ಹೆಗಲು ಸರಿಮಾಡಿಕೊಂಡು, "ನಡಿ, ಬಿಸಿಲು ಏರ್ತಾ ಇದೆ," ಎಂದ.